ಐದು ತಟ್ಟುಗಳ ಬೆನ್ನು ಹತ್ತಿ: ಒಂದು ವಯೊಲಿನ್ ಕನ್ಸರ್ಟೊ ಕೇಳುವ ಬಗೆ

ಬೀಥೋವನ್ ಬರೆದ ವಯೊಲಿನ್ ಕನ್ಸರ್ಟೊವನ್ನು ಮೊದಲ ಸಲ ಕೇಳಿದಾಗ ನಾನು ಮಾಡಿದ ಕೆಲಸ ಹೇಳಿದರೆ ನಗು ಬರುತ್ತದೆ. ಇಯರ್‌ಫೋನ್ ಹಾಕಿಕೊಂಡು ಕೂತೆ. ಒಂದು ನಿಮಿಷ ಆಯಿತು, ಎರಡಾಯಿತು. ಆರ್ಕೆಸ್ಟ್ರಾ ತನ್ನ ಪಾಡಿಗೆ ನುಡಿಸುತ್ತಲೇ ಇದೆ. ಮುಖ್ಯ ಕಲಾವಿದನ ಸುಳಿವೇ ಇಲ್ಲ. ಇದು ಬೇರೆ ಯಾವುದೋ ರೆಕಾರ್ಡಿಂಗ್ ಇರಬೇಕು ಅಂದುಕೊಂಡು ಬೆರಳಿನಿಂದ ಮುಂದಕ್ಕೆ ಓಡಿಸಿದೆ. ಒಂಟಿ ವಯೊಲಿನ್ ಕೇಳಿಸಿದ ಮೇಲೆಯೇ ಸಮಾಧಾನ.

ನಾನು ಹಾರಿಸಿದ್ದು ಸುಮಾರು ಮೂರು ನಿಮಿಷ. ಆ ಮೂರು ನಿಮಿಷದಲ್ಲೇ ಇಡೀ ಕೃತಿಯ ಬೀಗದ ಕೈ ಇತ್ತು ಅನ್ನುವುದು ತುಂಬಾ ತಡವಾಗಿ ಗೊತ್ತಾಯಿತು.

ಕನ್ಸರ್ಟೊ ಅಂದರೆ ಒಬ್ಬ ಕಲಾವಿದ ಒಂದು ಕಡೆ, ಪೂರ್ತಿ ಆರ್ಕೆಸ್ಟ್ರಾ ಇನ್ನೊಂದು ಕಡೆ. ಸಾಮಾನ್ಯವಾಗಿ ಮೂರು ಭಾಗ: ಮೊದಲನೆಯದು ಉದ್ದ, ಎರಡನೆಯದು ನಿಧಾನ, ಮೂರನೆಯದು ಚುರುಕು. ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ಆದರೆ ಇದನ್ನು ಕೇಳಿದ ಕೂಡಲೇ ನಮ್ಮ ಮನಸ್ಸಿನಲ್ಲಿ ಒಂದು ತಪ್ಪು ಲೆಕ್ಕ ಕೂತುಬಿಡುತ್ತದೆ. ವಯೊಲಿನ್ ನುಡಿಸುವವರು ನಾಯಕ, ಉಳಿದವರು ಪಕ್ಕವಾದ್ಯ ಅಂತ. ಆಮೇಲೆ ಕಿವಿ ಆ ಒಂದೇ ವಾದ್ಯದ ಬೆನ್ನು ಹತ್ತುತ್ತದೆ. ಒಳ್ಳೆಯ ಕನ್ಸರ್ಟೊದಲ್ಲಿ ಮುಖ್ಯ ಮಟ್ಟು ಎಷ್ಟೋ ಹೊತ್ತು ಬೇರೆಯವರ ಕೈಯಲ್ಲಿರುತ್ತದೆ, ವಯೊಲಿನ್ ಅದರ ಸುತ್ತ ಸುತ್ತುತ್ತಿರುತ್ತದೆ. ಹಾಗಾಗಿ ಕಲಾವಿದ ಏನು ನುಡಿಸುತ್ತಿದ್ದಾರೆ ಅನ್ನುವುದಕ್ಕಿಂತ, ಈಗ ಮಟ್ಟು ಯಾರ ಹತ್ತಿರ ಇದೆ ಅನ್ನುವ ಪ್ರಶ್ನೆ ಹಿಡಿದುಕೊಂಡು ಕೇಳುವುದು ಒಳ್ಳೆಯದು. ಈ ಪ್ರಶ್ನೆಯನ್ನು ಕಲಿಸಲು ಬೀಥೋವನ್‌ನ ಈ ಕೃತಿಗಿಂತ ಒಳ್ಳೆಯ ಮೇಷ್ಟರು ನನಗೆ ಸಿಕ್ಕಿಲ್ಲ. ಇಲ್ಲಿ ಅದೊಂದನ್ನೇ ಹಿಡಿದು ಹೊರಡುತ್ತೇನೆ.

ಶುರುವಾಗುವುದು ಡೋಲಿನಿಂದ. ಟಿಂಪನಿ ಅನ್ನುವ, ಶ್ರುತಿ ಮಾಡಿದ ದೊಡ್ಡ ಡೋಲು. ಬೇರೆ ಯಾವ ವಾದ್ಯವೂ ಇಲ್ಲದೆ ಮೆಲ್ಲಗೆ ನಾಲ್ಕು ತಟ್ಟು. ಐದನೆಯ ತಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಓಬೋ, ಕ್ಲಾರಿನೆಟ್, ಬಸೂನ್ ಅನ್ನುವ ಗಾಳಿವಾದ್ಯಗಳು ಒಂದು ಮಟ್ಟನ್ನು ಎತ್ತಿಕೊಳ್ಳುತ್ತವೆ. 1806ರಲ್ಲಿ ಇದನ್ನು ಕೇಳಿದವರಿಗೆ ವಿಚಿತ್ರ ಅನ್ನಿಸಿರಬೇಕು. ಡೋಲು ಆಗ ಹೆಚ್ಚಾಗಿ ಗದ್ದಲದ ಜಾಗದಲ್ಲಿ ತೂಕ ಕೊಡಲು ಬರುತ್ತಿದ್ದ ವಾದ್ಯ. ಅದು ಒಂದೇ ನಿಂತು, ಪಿಸುಮಾತಿನಲ್ಲಿ ಕಥೆ ಶುರು ಮಾಡುವುದು ಅಂದರೆ?

ಈ ಐದು ತಟ್ಟನ್ನು ಬೆರಳಲ್ಲಿ ಒಮ್ಮೆ ಮೇಜಿನ ಮೇಲೆ ತಟ್ಟಿ ನೋಡಿ. ಎಲ್ಲ ಸಮ ಅಂತರ, ಅವಸರವಿಲ್ಲ. ಇದು ಪೀಠಿಕೆ ಅಲ್ಲ, ಇದೇ ಕೃತಿಯ ನಾಡಿ. ಇನ್ನು ಮುಂದಿನ ಇಪ್ಪತ್ತು ಚಿಲ್ಲರೆ ನಿಮಿಷ ಇದು ಯಾರ್ಯಾರ ಕೈಗೋ ಹೋಗುತ್ತದೆ.

ಮೊದಲ ಪವಾಡ ಹತ್ತನೆಯ ಬಾರಿನಲ್ಲೇ ಇದೆ. ಬಾರ್ ಅಂದರೆ ತಾಳದ ಒಂದು ಸುತ್ತು ಅಂತ ಇಟ್ಟುಕೊಳ್ಳಿ. ಅಲ್ಲಿ ಆರ್ಕೆಸ್ಟ್ರಾದ ವಯೊಲಿನ್‌ಗಳು ಡೋಲಿನ ಅದೇ ತಟ್ಟನ್ನು ನುಡಿಸುತ್ತವೆ. ಆದರೆ ಬೇರೆಯದೇ ಸ್ವರದಲ್ಲಿ. ಈ ಕೃತಿಯ ಆಧಾರ ಸ್ವರ ಡಿ, ಅದನ್ನು ಷಡ್ಜ ಅನ್ನೋಣ. ವಯೊಲಿನ್‌ಗಳು ಹಿಡಿಯುವುದು ಅದರ ಪಕ್ಕದ ಡಿ ಶಾರ್ಪ್ ಅನ್ನು. ಅಂದರೆ ಶುದ್ಧ ರಿಷಭ ಕೂರುವ ಜಾಗ. ಅಲ್ಲಿಯವರೆಗಿನ ಸಂಗೀತದಲ್ಲಿ ಆ ಸ್ವರಕ್ಕೆ ಜಾಗವೇ ಇಲ್ಲ. ಅದರ ಕೆಳಗೆ ಬೇರೆ ಸ್ವರಗಳ ಆಸರೆಯೂ ಇಲ್ಲ. ಬಾಗಿಲು ಬಡಿದವರು ಯಾರು ಅಂತ ತಿಳಿಯದೆ ಒಂದು ಕ್ಷಣ ಎಲ್ಲರೂ ಸುಮ್ಮನಾದ ಹಾಗೆ. ಆಮೇಲೆ ಸಂಗೀತ ತನ್ನ ದಾರಿಗೆ ಮರಳುತ್ತದೆ. ಆ ಸ್ವರ ಯಾಕೆ ಬಂತು ಅನ್ನುವುದಕ್ಕೆ ಆ ಕ್ಷಣದಲ್ಲಿ ಉತ್ತರ ಕೊಡುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಅದೇ ಸ್ವರ ಮತ್ತೆ ಬಂದಾಗ ಈ ಸಲ ಕೆಳಗೆ ಆಸರೆ ಇರುತ್ತದೆ, ಆಗ ಕಿವಿಗೆ ಅರ್ಥ ಆಗುತ್ತದೆ.

ಇನ್ನೊಂದು ಮಟ್ಟನ್ನೂ ಇಲ್ಲೇ ನೆನಪಿಟ್ಟುಕೊಳ್ಳಿ. ಗಾಳಿವಾದ್ಯಗಳು ನುಡಿಸುವ, ಮೆಟ್ಟಿಲು ಹತ್ತಿ ಇಳಿದಂಥ ಸರಳ ಮಟ್ಟು. ಒಮ್ಮೆ ಕೇಳಿದರೆ ಯಾರಾದರೂ ಗುನುಗಬಹುದು. ಅದು ಮುಗಿದ ಕೂಡಲೇ ತಂತಿವಾದ್ಯಗಳು ಅದನ್ನೇ ಮೈನರ್‌ನಲ್ಲಿ, ಅಂದರೆ ಕೆಲವು ಸ್ವರ ಇಳಿಸಿದ ದುಗುಡದ ಶ್ರೇಣಿಯಲ್ಲಿ, ನುಡಿಸುತ್ತವೆ. ಅದೇ ಮುಖ, ಆದರೆ ಮೋಡ ಕವಿದ ಹಾಗೆ. ಈ ಮಟ್ಟಿಗೆ ಮುಂದೆ ದೊಡ್ಡ ಕೆಲಸ ಇದೆ. ಅದನ್ನು ಸರಿಯಾದ ಜಾಗದಲ್ಲೇ ಹೇಳುತ್ತೇನೆ.

ಕಲಾವಿದ ಬಾಯಿ ಬಿಡುವುದು 89ನೆಯ ಬಾರಿನಲ್ಲಿ. ಸಭೆಯಲ್ಲಿ ಕೂತು ನೋಡುವಾಗ ಈ ಕಾಯುವಿಕೆ ಇನ್ನೂ ಚೆನ್ನಾಗಿರುತ್ತದೆ. ಕೆಲವರು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಕೆಲವರು ಆರ್ಕೆಸ್ಟ್ರಾ ಕಡೆ ತಿರುಗಿ ಅವರ ಜೊತೆಗೇ ತೂಗುತ್ತಾರೆ. ಅವರು ಕೇಳುತ್ತಿರುವ ರೀತಿ ನೋಡಿದರೇ ಮುಂದೆ ಹೇಗೆ ನುಡಿಸುತ್ತಾರೆ ಅಂತ ಸ್ವಲ್ಪ ಗೊತ್ತಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಇಷ್ಟು ಕಾಯಿಸಿದ ಮೇಲೆ ಭರ್ಜರಿ ಪ್ರವೇಶ ಇರಬೇಕಲ್ವಾ? ಇಲ್ಲ. ಕೆಳಗಿನಿಂದ ಆಕ್ಟೇವ್‌ಗಳನ್ನು (ಒಂದು ಸಾದಿಂದ ಮೇಲಿನ ಸಾವರೆಗಿನ ಅಂತರ) ಒಡೆದು ಒಡೆದು, ಹಾದಿ ಹುಡುಕುವವರ ಹಾಗೆ ಮೇಲೇರಿ ಬರುತ್ತಾರೆ. ಅದು ಮಟ್ಟೂ ಅಲ್ಲ. ಒಂದು ರೀತಿಯ ಆಲಾಪ ಅನ್ನಬಹುದು. ಆದರೆ ವಯೊಲಿನ್ ನುಡಿಸುವವರನ್ನು ಕೇಳಿ, ಮೈ ನಡುಗುವ ಜಾಗ ಇದು ಅನ್ನುತ್ತಾರೆ. ಕಾರಣ ಸರಳ. ಮಂದ್ರದ ಸಾ, ಮಧ್ಯದ ಸಾ ಒಂದರ ಹಿಂದೆ ಒಂದು ಬಂದರೆ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಸಿಕ್ಕಿಬೀಳುತ್ತದೆ. ವಯೊಲಿನ್‌ಗೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ, ಬೆರಳು ಸರಿಯಾದ ಜಾಗ ಹುಡುಕಿ ಕೂರಬೇಕು. ಆಗ ಆರ್ಕೆಸ್ಟ್ರಾ ಬಹುತೇಕ ಸುಮ್ಮನಿರುತ್ತದೆ. ಹಿಂದೆ ಅಡಗಿಕೊಳ್ಳಲು ಏನೂ ಇಲ್ಲ. ಮೂರು ನಿಮಿಷ ಕೈ ತಣ್ಣಗಾಗಿ ನಿಂತಿದ್ದವರಿಗೆ ಇದೇ ಮೊದಲ ಪರೀಕ್ಷೆ.

ಮುಂದಕ್ಕೆ ಹೋಗುವ ಮೊದಲು ಈ ನಾದ ಹುಟ್ಟುವ ಬಗೆಯನ್ನು ಸ್ವಲ್ಪ ನೋಡೋಣ. ಕಮಾನಿನ ಕುದುರೆ ಬಾಲದ ಕೂದಲಿಗೆ ರಾಳ ಹಚ್ಚಿರುತ್ತಾರೆ. ಕೂದಲು ತಂತಿಗೆ ಅಂಟಿ ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಎಳೆತ ಜಾಸ್ತಿ ಆದಾಗ ತಂತಿ ಜಾರಿ ಹಿಂದಕ್ಕೆ ಬರುತ್ತದೆ. ಮತ್ತೆ ಅಂಟುತ್ತದೆ, ಮತ್ತೆ ಜಾರುತ್ತದೆ. ‘ಎ’ ತಂತಿಯಲ್ಲಿ ಇದು ಸೆಕೆಂಡಿಗೆ 440 ಸಲದ ಆಸುಪಾಸು ನಡೆಯುತ್ತದೆ. ಇಷ್ಟೇ ಗುಟ್ಟು. ಕಲಾವಿದರ ಕೈಯಲ್ಲಿರುವುದು ಮೂರು ಹಿಡಿತ: ಕಮಾನು ಎಷ್ಟು ವೇಗವಾಗಿ ಹೋಗಬೇಕು, ಎಷ್ಟು ಒತ್ತಬೇಕು, ತಂತಿಯ ಯಾವ ಜಾಗದಲ್ಲಿ ಓಡಬೇಕು. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್‌ಗೆ ಹತ್ತಿರ ನುಡಿಸಿದರೆ ನಾದ ಗಟ್ಟಿ, ಹೊಳಪು. ಬೆರಳುಪಟ್ಟಿಯ ಕಡೆ ಸರಿದರೆ ಮಬ್ಬು, ಉಸಿರು ಬೆರೆತ ಹಾಗೆ. ಸಭಾಂಗಣದಲ್ಲಿ ಮುಂದೆ ಕೂತರೆ ಇದನ್ನು ಕಣ್ಣಲ್ಲೇ ನೋಡಬಹುದು.

ಇನ್ನು ತಂತಿಗಳು. ನಾಲ್ಕು ತಂತಿಗೆ ನಾಲ್ಕು ಗಂಟಲು. ಮೇಲಿನ ‘ಇ’ ತಂತಿ ಇಂದಿನ ವಯೊಲಿನ್‌ಗಳಲ್ಲಿ ಸಾಮಾನ್ಯವಾಗಿ ಉಕ್ಕಿನದು, ಬೆಳ್ಳಗೆ ಮಿನುಗುತ್ತದೆ. ಕೆಳಗಿನ ‘ಜಿ’ ತಂತಿ ದಪ್ಪ, ಕಂದು ಬಣ್ಣದ ದನಿ. ಒಂದೇ ಸ್ವರವನ್ನು ಎರಡು ಮೂರು ತಂತಿಗಳಲ್ಲಿ ನುಡಿಸಬಹುದು. ಯಾವುದರಲ್ಲಿ ನುಡಿಸಬೇಕು ಅನ್ನುವ ಆಯ್ಕೆಯಲ್ಲೇ ಕಲಾವಿದರ ಸ್ವಭಾವ ಗೊತ್ತಾಗುತ್ತದೆ. ದೊಡ್ಡ ವಯೊಲಿನ್ ಕನ್ಸರ್ಟೊಗಳಲ್ಲಿ ಬೀಥೋವನ್, ಬ್ರಾಮ್ಸ್, ಚೈಕೋವ್ಸ್ಕಿ ಮೂವರದೂ ಡಿ ಮೇಜರ್‌ನಲ್ಲಿ, ಅಂದರೆ ಡಿಯನ್ನು ಷಡ್ಜ ಮಾಡಿಕೊಂಡ ಶ್ರೇಣಿಯಲ್ಲಿವೆ. ಅದು ಬರೀ ಕಾಕತಾಳೀಯ ಅಲ್ಲ. ‘ಜಿ’, ‘ಡಿ’, ‘ಎ’, ‘ಇ’ ಈ ನಾಲ್ಕೂ ಆ ಶ್ರೇಣಿಯೊಳಗೇ ಬರುತ್ತವೆ. ಕಮಾನು ಮುಟ್ಟದಿದ್ದರೂ ಪಕ್ಕದ ತಂತಿ ಸಣ್ಣಗೆ ಮಿಡಿಯುತ್ತದೆ. ಇಡೀ ವಾದ್ಯ ತೆರೆದುಕೊಂಡು ಮೊಳಗುತ್ತದೆ.

ಮತ್ತೆ ಕೃತಿಗೆ ಬರೋಣ. ಆ ಗುನುಗುವ ಮಟ್ಟು ಎರಡನೆಯ ಸಲ ಬರುವಾಗ, ಈಗ ಕಲಾವಿದರೂ ಇದ್ದಾರೆ, ಮಟ್ಟನ್ನು ಅವರೇ ನುಡಿಸುತ್ತಾರೆ ಅಂತ ನಾವು ಕಾಯುತ್ತೇವೆ. ಬೀಥೋವನ್ ಕೊಡುವುದಿಲ್ಲ. ಮಟ್ಟು ಮತ್ತೆ ಗಾಳಿವಾದ್ಯಗಳಿಗೇ ಹೋಗುತ್ತದೆ. ವಯೊಲಿನ್ ಅದರ ಮೇಲೆ ಒಂದೇ ಸ್ವರವನ್ನು ನಡುಗಿಸುತ್ತಾ ಟ್ರಿಲ್ ಹಿಡಿದು ನಿಲ್ಲುತ್ತದೆ. ಆಮೇಲೆ ತಂತಿವಾದ್ಯಗಳು ಮಟ್ಟನ್ನು ಮೈನರ್‌ನಲ್ಲಿ ನುಡಿಸುವಾಗ ಇದು ಸುತ್ತಲೂ ಬಳ್ಳಿ ಹಬ್ಬಿಸುತ್ತದೆ. ಇಲ್ಲಿ ವಯೊಲಿನ್ ಒಂದನ್ನೇ ಕೇಳಿದರೆ ಸ್ವರಗಳ ಕಸರತ್ತು ಅನ್ನಿಸಬಹುದು. ಹಳೆಯ ಕಾಲದಲ್ಲಿ ಕೆಲವರಿಗೆ ಹಾಗೇ ಅನ್ನಿಸಿತ್ತು. ಕಿವಿಯನ್ನು ಕೆಳಗಿಳಿಸಿ ಮಟ್ಟಿನ ಮೇಲೆ ಇಡಿ. ವಯೊಲಿನ್ ಅಂಚಿನಲ್ಲಿ ಇರಲಿ. ಆಗ ಅದು ಮಟ್ಟನ್ನು ಹೇಗೆ ತಬ್ಬಿಕೊಂಡಿದೆ ಅಂತ ಕೇಳಿಸುತ್ತದೆ.

ಭಾಗದ ನಡುವೆ ಒಂದು ಜಾಗ ಇದೆ, ಜಿ ಮೈನರ್‌ನಲ್ಲಿ. ಎಲ್ಲವೂ ಮೆಲ್ಲಗಾಗಿ ವಯೊಲಿನ್ ಒಂದು ನೋವಿನ ಸಾಲನ್ನು ನುಡಿಸುತ್ತದೆ. ಅದರ ಅಡಿಯಲ್ಲಿ ಕಿವಿಯಿಟ್ಟು ಕೇಳಿ. ಡೋಲಿನ ಅದೇ ತಟ್ಟು ಬೇರೆ ವಾದ್ಯಗಳಲ್ಲಿ ದೂರದಿಂದ ಕೇಳಿಸುತ್ತದೆ. ಹೆಚ್ಚಿನ ಕಲಾವಿದರು ಇಲ್ಲಿ ವೇಗ ತೀರಾ ಇಳಿಸುತ್ತಾರೆ. ಬೀಥೋವನ್ ಹಾಗೆ ಬರೆದಿಲ್ಲ. ನನಗಂತೂ ನಾಡಿ ನಿಲ್ಲದಂತೆ ನುಡಿಸಿದವರೇ ಇಷ್ಟ. ನಡಿಗೆ ನಿಂತರೆ ತಟ್ಟು ಬರೀ ಸದ್ದಾಗುತ್ತದೆ. ನಡಿಗೆ ಇದ್ದರೆ ಯಾರೋ ಹತ್ತಿರ ಬರುತ್ತಿದ್ದಾರೆ ಅನ್ನಿಸುತ್ತದೆ.

ಬರುವವರು ಬಂದೇ ಬರುತ್ತಾರೆ. ಮೊದಲು ಪಿಸುಗುಟ್ಟಿದ್ದ ಐದು ತಟ್ಟನ್ನು ಈಗ ಇಡೀ ಆರ್ಕೆಸ್ಟ್ರಾ ಪೂರ್ತಿ ಬಲದಲ್ಲಿ ನುಡಿಸುತ್ತದೆ. ಶುರುವಿನ ಮೂರು ನಿಮಿಷ ಹಾರಿಸಿದವರಿಗೆ ಇದು ಬರೀ ಜೋರಾದ ಸದ್ದು. ಕೇಳಿಸಿಕೊಂಡವರಿಗೆ ಇದು ಹಳೆಯ ಪರಿಚಯ.

ಈಗ ಕೆಡೆನ್ಸಾ. ಭಾಗದ ಕೊನೆಯ ಹೊತ್ತಿಗೆ ಆರ್ಕೆಸ್ಟ್ರಾ ಒಂದು ಸ್ವರಗುಚ್ಛದ (ಒಟ್ಟಿಗೆ ಮೊಳಗುವ ಕೆಲವು ಸ್ವರಗಳು) ಮೇಲೆ ಬಂದು ನಿಲ್ಲುತ್ತದೆ. ವಾಕ್ಯ ಅರ್ಧಕ್ಕೆ ನಿಂತ ಹಾಗೆ. ನಿರ್ದೇಶಕರು ಕೈ ಇಳಿಸುತ್ತಾರೆ. ಅಲ್ಲಿಂದ ಕಲಾವಿದ ಒಬ್ಬರೇ. ಹಿಂದೆ ಇದನ್ನು ಅಲ್ಲೇ ಹುಟ್ಟಿಸಿ ನುಡಿಸುತ್ತಿದ್ದರು, ಈಗ ಹೆಚ್ಚಾಗಿ ಯಾರೋ ಬರೆದಿಟ್ಟದ್ದನ್ನು ಕಲಿತು ಬರುತ್ತಾರೆ. ವಯೊಲಿನ್‌ಗಾಗಿ ಬೀಥೋವನ್ ಇಲ್ಲಿ ಏನೂ ಬರೆಯಲಿಲ್ಲ. ಜಾಗ ಖಾಲಿ ಬಿಟ್ಟ. ಹಾಗಾಗಿ ಒಂದೇ ಕೃತಿಯ ಎರಡು ಪ್ರದರ್ಶನಗಳಲ್ಲಿ ಈ ಮೂರು ನಾಲ್ಕು ನಿಮಿಷ ಪೂರ್ತಿ ಬೇರೆ ಬೇರೆ ಇರಬಹುದು.

ಹೆಚ್ಚು ಕೇಳಿಸುವುದು ವಯೊಲಿನ್ ಕಲಾವಿದ ಫ್ರಿಟ್ಜ್ ಕ್ರೈಸ್ಲರ್ ಬರೆದದ್ದು. ಅದರ ಕೊನೆಯ ಕಡೆ ಒಂದೇ ವಯೊಲಿನ್ ಎರಡು ಮಟ್ಟುಗಳನ್ನು ಒಟ್ಟಿಗೆ ನುಡಿಸುತ್ತದೆ. ಎರಡು ತಂತಿಯಲ್ಲಿ ಎರಡು ಹಾಡು. ಮೊದಲ ಸಲ ಕೇಳಿದಾಗ ಇನ್ನೊಬ್ಬರು ಸೇರಿಕೊಂಡರು ಅಂತಲೇ ಅನ್ನಿಸುತ್ತದೆ. ಇನ್ನೊಬ್ಬ ವಯೊಲಿನ್ ಕಲಾವಿದ ಯೋಸೆಫ್ ಯೋವಾಖಿಮ್ ಬರೆದದ್ದೂ ಬಳಕೆಯಲ್ಲಿದೆ. ಇನ್ನೊಂದು ಮಜವಾದ ದಾರಿ ಇದೆ. ಬೀಥೋವನ್ ಇದೇ ಕೃತಿಯನ್ನು 1807ರಲ್ಲಿ ಪಿಯಾನೊಗೆ ಹೊಂದಿಸಿದ. ಅದಕ್ಕೆ ಮಾತ್ರ ಕೆಡೆನ್ಸಾ ಬರೆದುಕೊಟ್ಟ. ಅದರಲ್ಲಿ ಪಿಯಾನೊ ಜೊತೆ ಯಾರು ಬರುತ್ತಾರೆ ಗೊತ್ತಾ? ನಮ್ಮ ಡೋಲು. ವಯೊಲಿನ್ ಕಲಾವಿದ ವೋಲ್ಫ್‌ಗ್ಯಾಂಗ್ ಶ್ನೈಡರ್‌ಹಾನ್ ಅದನ್ನು ವಯೊಲಿನ್‌ಗೆ ಇಳಿಸಿ ನುಡಿಸಿದರು. ಅವರ 1962ರ ರೆಕಾರ್ಡಿಂಗ್‌ನಲ್ಲಿ ಅದು ಸಿಗುತ್ತದೆ. ಒಂಟಿ ಕಲಾವಿದನ ಮೆರೆದಾಟದ ನಡುವೆ ಟಿಂಪನಿ ಮಾತಿಗೆ ಬಂದಾಗ, ಈ ಕೃತಿ ಯಾರದ್ದು ಅನ್ನುವ ಅನುಮಾನ ಮತ್ತೆ ಹುಟ್ಟುತ್ತದೆ.

ನಾನು ಇಷ್ಟು ಹೊತ್ತು ಕಾಯಿಸಿದ್ದು ಕೆಡೆನ್ಸಾ ಮುಗಿದ ಮರುಕ್ಷಣಕ್ಕೆ. ಸಾಮಾನ್ಯವಾಗಿ ಕೆಡೆನ್ಸಾ ಮುಗಿದ ಮೇಲೆ ಆರ್ಕೆಸ್ಟ್ರಾ ಅಬ್ಬರಿಸಿ ಬರುತ್ತದೆ, ಭಾಗ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಎಲ್ಲ ಕಸರತ್ತು ಮುಗಿಸಿ ಬಂದ ವಯೊಲಿನ್ ಕೆಳಗಿನ ಎರಡು ತಂತಿಗಳಲ್ಲಿ, ಮೆಲ್ಲಗೆ, ಆ ಗುನುಗುವ ಮಟ್ಟನ್ನು ಎತ್ತಿಕೊಳ್ಳುತ್ತದೆ. ಯಾವ ಅಲಂಕಾರವೂ ಇಲ್ಲ. ಆರ್ಕೆಸ್ಟ್ರಾ ತಂತಿಗಳನ್ನು ಬೆರಳಲ್ಲಿ ಮೀಟುತ್ತಾ ಜೊತೆ ಕೊಡುತ್ತದೆ, ಅಷ್ಟೇ. ಇಪ್ಪತ್ತು ನಿಮಿಷದಿಂದ ಬೇರೆಯವರ ಕೈಯಲ್ಲೇ ಓಡಾಡಿದ ಮಟ್ಟು ಈಗ ಪೂರ್ತಿಯಾಗಿ ಕಲಾವಿದರಿಗೆ ಸಿಕ್ಕಿದೆ. ಮಟ್ಟು ಯಾರ ಹತ್ತಿರ ಇದೆ ಅಂತ ಮೊದಲಿಂದ ಗಮನಿಸುತ್ತಾ ಬಂದವರಿಗೆ ಇಲ್ಲಿ ಗಂಟಲು ಕಟ್ಟುತ್ತದೆ.

ಕಲಾವಿದರನ್ನು ಅಳೆಯಲು ನಾನು ನೋಡುವುದೂ ಈ ಜಾಗವನ್ನೇ. ವೇಗದ ಸಾಲುಗಳನ್ನು ಇಂದು ಬಹಳಷ್ಟು ಜನ ಚೆನ್ನಾಗಿ ನುಡಿಸುತ್ತಾರೆ. ಇಲ್ಲಿ ಏನೂ ಮಾಡದೆ ಇರಬೇಕು, ಅದು ಕಷ್ಟ. ಬೆರಳನ್ನು ತೂಗಿ ಸ್ವರವನ್ನು ಅಲುಗಿಸುವ ವೈಬ್ರಾಟೊ ಎಷ್ಟು ಹಾಕುತ್ತಾರೆ? ಕಮಾನು ದಿಕ್ಕು ಬದಲಿಸುವುದು ಕೇಳಿಸುತ್ತದಾ? ಸಾಲಿನ ಕೊನೆಯ ಸ್ವರವನ್ನು ಒತ್ತುತ್ತಾರಾ, ಬಿಟ್ಟುಕೊಡುತ್ತಾರಾ? ಇಲ್ಲಿ ಭಾವ ಜಾಸ್ತಿ ಸುರಿದರೆ ಕೆಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಈ ಭಾಗ ಮುಗಿದಾಗ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಪಕ್ಕದವರು ಕೆಕ್ಕರಿಸಿ ನೋಡುತ್ತಾರೆ. ಬೀಥೋವನ್ ಕಾಲದಲ್ಲಿ ಭಾಗಗಳ ನಡುವೆ ಚಪ್ಪಾಳೆ ಮಾಮೂಲು. ಮೌನದ ಶಿಸ್ತು ಆಮೇಲೆ ಬಂದದ್ದು. 1806ರ ಡಿಸೆಂಬರ್ 23ರಂದು ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ನುಡಿಸಿದ್ದು 26 ವರ್ಷದ ಫ್ರಾಂಟ್ಸ್ ಕ್ಲೆಮೆಂಟ್. ಅದೇ ಕಾರ್ಯಕ್ರಮದಲ್ಲಿ ಆತ ವಯೊಲಿನ್ ತಲೆಕೆಳಗೆ ಹಿಡಿದು ತನ್ನದೊಂದು ತುಣುಕನ್ನೂ ನುಡಿಸಿದ ಅನ್ನುತ್ತಾರೆ. ಸಭೆ ಅಂಥದ್ದು, ಅಷ್ಟು ಗಂಭೀರವೇನೂ ಅಲ್ಲ. ಕೃತಿ ಆಗ ಹೆಚ್ಚು ಹೆಸರು ಮಾಡಲಿಲ್ಲ. 1844ರಲ್ಲಿ ಲಂಡನ್ನಿನಲ್ಲಿ ಸಂಯೋಜಕ ಮೆಂಡೆಲ್‌ಸನ್ ನಿರ್ದೇಶನದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ನುಡಿಸಿದ ಮೇಲೆ ಅದರ ನಸೀಬು ತಿರುಗಿತು. ಆ ಹುಡುಗನೇ ಮೇಲೆ ಹೇಳಿದ ಯೋವಾಖಿಮ್.

ಅದೇ ವರ್ಷ ಮೆಂಡೆಲ್‌ಸನ್ ತನ್ನದೇ ವಯೊಲಿನ್ ಕನ್ಸರ್ಟೊ ಬರೆದು ಮುಗಿಸಿದ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿ. ಬೀಥೋವನ್ ಮೂರು ನಿಮಿಷ ಕಾಯಿಸಿದರೆ, ಮೆಂಡೆಲ್‌ಸನ್‌ನಲ್ಲಿ ಕಲಾವಿದ ಕೆಲವೇ ಸೆಕೆಂಡಿನಲ್ಲಿ ಮಟ್ಟು ಹಿಡಿದೇ ಬರುತ್ತಾನೆ. ಕೆಡೆನ್ಸಾ ಕೊನೆಯಲ್ಲಿಲ್ಲ, ಭಾಗದ ಮಧ್ಯಕ್ಕೆ ಬಂದಿದೆ, ಅದನ್ನೂ ಮೆಂಡೆಲ್‌ಸನ್ ತಾನೇ ಬರೆದಿದ್ದಾನೆ. ಅದರ ಕೊನೆಯಲ್ಲಿ ಕಮಾನು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತಿರುವಾಗಲೇ ಆರ್ಕೆಸ್ಟ್ರಾ ಮೆಲ್ಲಗೆ ಮೊದಲ ಮಟ್ಟನ್ನು ಎತ್ತಿಕೊಳ್ಳುತ್ತದೆ. ನಾಯಕ ಸದ್ದಿಲ್ಲದೆ ಪಕ್ಕವಾದ್ಯ ಆಗಿಬಿಡುತ್ತಾನೆ. ಮೊದಲ ಭಾಗ ಮುಗಿದ ಮೇಲೆ ಒಂದು ಬಸೂನ್ ಒಂದೇ ಸ್ವರವನ್ನು ಹಿಡಿದು ಎರಡನೆಯ ಭಾಗಕ್ಕೆ ಸೇತುವೆ ಹಾಕುತ್ತದೆ. ಚಪ್ಪಾಳೆಗೆ ಜಾಗವೇ ಇಲ್ಲ!

ಬೀಥೋವನ್‌ನ ಎರಡನೆಯ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಿದಷ್ಟೂ ಅದು ಕೈಯಿಂದ ಜಾರುತ್ತದೆ. ಟಿಂಪನಿ, ಟ್ರಂಪೆಟ್, ಕೊಳಲು, ಓಬೋ ಎಲ್ಲ ಸುಮ್ಮನಿರುತ್ತವೆ. ಆರ್ಕೆಸ್ಟ್ರಾದ ತಂತಿವಾದ್ಯಗಳಿಗೆ ದನಿ ತಗ್ಗಿಸುವ ಮ್ಯೂಟ್ ಹಾಕಿರುತ್ತಾರೆ. ಒಂದೇ ಮಟ್ಟು ಮತ್ತೆ ಮತ್ತೆ ಬರುತ್ತದೆ, ವಯೊಲಿನ್ ಮೇಲೆ ತೇಲುತ್ತದೆ. ನಿದ್ದೆ ಬಂದರೂ ತಪ್ಪಿಲ್ಲ ಅನ್ನುವಷ್ಟು ಶಾಂತ. ಆದರೆ ಕೊನೆಯಲ್ಲಿ ಆರ್ಕೆಸ್ಟ್ರಾ ಗುಡುಗಿ ಎಬ್ಬಿಸುತ್ತದೆ. ನಿಲ್ಲದೆ ನೇರ ಮೂರನೆಯ ಭಾಗಕ್ಕೆ.

ಅಲ್ಲಿ ಈ ಸಲ ಮಟ್ಟು ಮೊದಲು ವಯೊಲಿನ್ ಕೈಯಲ್ಲೇ! ಮೊದಲ ಭಾಗದಲ್ಲಿ ಅಷ್ಟು ಕಾಯಿಸಿದವನು ಇಲ್ಲಿ ಒಂದು ಬಾರನ್ನೂ ಕಾಯಿಸುವುದಿಲ್ಲ. ಕುಣಿಯುವ ಮಟ್ಟು. ಮೊದಲು ದಪ್ಪ ದನಿಯ ‘ಜಿ’ ತಂತಿಯಲ್ಲಿ, ಆಮೇಲೆ ಎರಡು ಆಕ್ಟೇವ್ ಮೇಲೆ ಎಳೆಯ ದನಿಯಲ್ಲಿ. ತಂತಿಗಳ ಗಂಟಲಿನ ಬಗ್ಗೆ ಹೇಳಿದ್ದನ್ನು ಪರೀಕ್ಷಿಸಲು ಇದೇ ಜಾಗ. ಮಟ್ಟು ಒಂದೇ, ಆದರೆ ಎರಡು ಜನ ಮಾತಾಡಿದ ಹಾಗಿರುತ್ತದೆ. ಆ ಮಟ್ಟು ಮತ್ತೆ ಮತ್ತೆ ಮನೆಗೆ ಬರುತ್ತದೆ, ನಡುನಡುವೆ ಸುತ್ತಾಡಲು ಹೋಗುತ್ತದೆ. ಒಂದು ಕಡೆ ಕಲಾವಿದರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಇಡೀ ಕೃತಿಯಲ್ಲಿ ಅವರಿಗೆ ಆ ಅವಕಾಶ ಅಲ್ಲಿ ಮಾತ್ರ. ಒಂದು ಚಿಟಿಕೆ ಹೊಡೆದಷ್ಟು ಹೊತ್ತು. ಕೆಮ್ಮಿದರೆ ತಪ್ಪಿಹೋಗುತ್ತದೆ.

ಮುಗಿಯುವ ರೀತಿಯೂ ಅದೇ ತುಂಟತನದ್ದು. ಸದ್ದೆಲ್ಲ ಇಳಿದು, ವಯೊಲಿನ್ ಕುಣಿತದ ಮಟ್ಟಿನ ಒಂದು ಚೂರನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಹೊರಡುತ್ತದೆ. ಹೀಗೇ ಕರಗಿಹೋಗುತ್ತದೇನೋ ಅಂತ ನಾವು ಮುಂದಕ್ಕೆ ಬಾಗಿರುವಾಗಲೇ ಆರ್ಕೆಸ್ಟ್ರಾ ಎರಡೇ ಎರಡು ಏಟು ಕೊಟ್ಟು ಮುಗಿಸುತ್ತದೆ. ಆ ಎರಡರಲ್ಲಿ ಡೋಲೂ ಇದೆ.